ಸಾಹೇಬರ ಮನಸ್ಸಿನಲ್ಲಿ ಇದ್ದದ್ದು

ಟ್ರಿಣ್ ಎಂದು ಒಂದು ಸಲ ಹೊಡೆದರೆ ಅಟೆಂಡರ್ ಬರಬೇಕು. ಎರಡು ಸಲವಾದರೆ ಚಹಾ. ಬೆರಳು ತೆಗೆಯದೆ ಉದ್ದಕ್ಕೆ ಒತ್ತಿ ಹಿಡಿದರೆ ಸಾಹೇಬರಿಗೆ ಸಿಟ್ಟು ಬಂದಿದೆ. ಹೈದರಾಬಾದಿನಲ್ಲಿ ಆಂಧ್ರ ಸರ್ಕಾರದ ಒಂದು ಇಲಾಖೆಯಲ್ಲಿ ನಾನು ಸೂಪರಿಂಟೆಂಡೆಂಟ್ ಆಗಿದ್ದಾಗಿನ ಕರೆಗಂಟೆಯ ಭಾಷೆ ಇದು. ಯಾವ ರೂಲ್ ಬುಕ್ಕಿನಲ್ಲೂ ಇರಲಿಲ್ಲ, ಆದರೆ ನಮಗೆಲ್ಲ ಬಾಯಿಪಾಠ.

ರಾಜ್ಯಭಾರ ಹೇಗೆ ನಡೆಯುತ್ತದೆಂದು ಕಾಲೇಜಿನ ಪೊಲಿಟಿಕಲ್ ಸೈನ್ಸ್ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ್ದರು. ಆಜ್ಞೆ ಮೇಲಿನಿಂದ ಕೆಳಗೆ ಇಳಿಯುತ್ತದಂತೆ. ಮೂವತ್ತು ವರ್ಷ ಕುರ್ಚಿ ಸವೆಸಿದ ಮೇಲೆ ಹೇಳುತ್ತೇನೆ, ಕೆಳಗಿನಿಂದ ಮೇಲಕ್ಕೆ ಹತ್ತುವ ಇನ್ನೊಂದು ಬಾಣವಿದೆ, ಅದರ ಹೆಸರು ಊಹೆ. ಮಿನಿಸ್ಟರಿಗೆ ಏನು ಇಷ್ಟವೆಂದು ಸಾಹೇಬರು ಊಹಿಸುತ್ತಾರೆ, ಸಾಹೇಬರಿಗೆ ಏನು ಇಷ್ಟವೆಂದು ನಾವು. ಈ ವಿದ್ಯೆಯಲ್ಲಿ ನಾನು ಫಸ್ಟ್ ಕ್ಲಾಸ್. ಕಾನ್ವೆಂಟಿನಲ್ಲಿ ಸಿಸ್ಟರ್ ಪ್ರಶ್ನೆ ಕೇಳಿದರೆ ಮೊದಲು ಅವರ ಹುಬ್ಬು ನೋಡುತ್ತಿದ್ದೆ. ಹುಬ್ಬು ಏರಿದರೆ ನಡುವಿನಲ್ಲೇ ಉತ್ತರ ಬದಲು. ಗುಡ್ ಕಾಂಡಕ್ಟ್ ಪ್ರೈಜ್ ಪ್ರತಿವರ್ಷವೂ ನನಗೇ.

ನನ್ನ ಸೆಕ್ಷನ್ನಿನಲ್ಲಿ ಬೀದರಿನ ಸುಮಿತ್ರಾ ಕ್ಲರ್ಕ್ ಆಗಿದ್ದಳು. ಲಿಂಗಂಪಲ್ಲಿಯಲ್ಲಿ ಅಣ್ಣನ ಮನೆಯಲ್ಲಿದ್ದು ದಿನಾ ರೈಲಿನಲ್ಲಿ ಬರುತ್ತಿದ್ದಳು. ರೈಲ್ವೆಯಲ್ಲಿದ್ದ ಅಣ್ಣನಿಗೆ ಸೊಲ್ಲಾಪುರಕ್ಕೆ ವರ್ಗವಾಗುವುದಿತ್ತು. ಹಿಮಾಯತ್‌ನಗರದಲ್ಲಿ ಖಾಲಿ ಬಿದ್ದಿದ್ದ ಇಲಾಖೆಯ ಕಟ್ಟಡವನ್ನು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ ಮಾಡಬಹುದೆಂದು ಅವಳು ಮೂರು ಪುಟದ ನೋಟ್ ಬರೆದಳು.

"ಅಣ್ಣ ಹೋದ ಮ್ಯಾಲ ನನಗೂ ಅಲ್ಲೊಂದು ಖಾಟ್ ಸಿಕ್ಕೀತು ಅಕ್ಕಾರ," ಎಂದು ನಕ್ಕಳು. "ಸ್ವಾರ್ಥ ಐತಿ, ಖರೆ. ನೋಟ್‌ನ್ಯಾಗ ಮಾತ್ರ ಅದನ್ನ ಬರದಿಲ್ಲ ನೋಡ್ರಿ."

ನೋಟ್ ಚೆನ್ನಾಗಿತ್ತು. ಒಪ್ಪಬಹುದೆಂದು ಬರೆಯಲು ಪೆನ್ನಿನ ಕ್ಯಾಪ್ ತೆಗೆದಿದ್ದೆ. ಆಗಲೇ ಸಾಹೇಬರ ಗಂಟೆ ಹೊಡೆಯಿತು, ಉದ್ದಕ್ಕೆ, ನಿಲ್ಲದೆ. ಅವರು ಅದೇ ತಾನೇ ಮಿನಿಸ್ಟರನ್ನು ಕಂಡು ಬಂದಿದ್ದರು. ಇಂಥದೊಂದು ನೋಟ್ ಬರುತ್ತಿದೆಯೆಂದು ಬೆಳಿಗ್ಗೆ ನಾನೇ ಅವರಿಗೆ ಹೇಳಿದ್ದೆ, ಹಾಸ್ಟೆಲ್ ಮಾತೆತ್ತಿ ಬೈಸಿಕೊಂಡಿರಬೇಕು ಎಂದುಕೊಂಡೆ. 'ಪ್ರಿಮೆಚೂರ್' ಎಂದು ನನ್ನ ಕಾನ್ವೆಂಟ್ ಅಕ್ಷರದಲ್ಲಿ ಬರೆದು ಫೈಲು ಕಳಿಸಿದೆ. ಈಗಲೇ ಬೇಡ ಅನ್ನುವುದಕ್ಕೆ ಸರ್ಕಾರದಲ್ಲಿ ಅದು ಮರ್ಯಾದಸ್ಥ ಪದ.

ಸಂಜೆ ಮುದಿ ಅಟೆಂಡರ್ ಅಂದ, "ಬಟನ್ ಅಟಕ್ ಗಯಾ ಥಾ ಅಮ್ಮಾ. ಸಾಬ್ ತೋ ಚಾಯ್ ಪೀ ರಹೇ ಥೇ." ಗುಂಡಿ ಸಿಕ್ಕಿಕೊಂಡಿತ್ತಂತೆ, ಸಾಹೇಬರು ಹಾಯಾಗಿ ಚಹಾ ಕುಡಿಯುತ್ತಿದ್ದರಂತೆ. ಫೈಲು ಇನ್ನೂ ಅವರ ಮೇಜಿನ ಮೇಲೇ ಇತ್ತು. ವಾಪಸ್ ತರಿಸಬಹುದಿತ್ತು. ಬರೆದದ್ದನ್ನು ಹೊಡೆದುಹಾಕಿದರೆ ಚೆನ್ನಾಗಿ ಕಾಣುವುದಿಲ್ಲ ಎನ್ನಿಸಿತು. ತರಿಸಲಿಲ್ಲ. ನನಗೆ ಮೇಲಿನ ಸುಳಿವು ಸಿಕ್ಕಿರಬೇಕೆಂದುಕೊಂಡು ಸಾಹೇಬರು ಸಹಿ ಮಾಡಿದರು. ಆಫೀಸರುಗಳಿಗೇ ಬೇಡವಾಗಿದೆಯೆಂದು ಮಿನಿಸ್ಟರೂ ಮಾಡಿದರು.

ಎರಡು ತಿಂಗಳ ಮೇಲೆ ಒಂದು ಸಮಾರಂಭದಲ್ಲಿ ಅದೇ ಮಿನಿಸ್ಟರ್ ಕೇಳಿದರು, ದುಡಿಯುವ ಹೆಣ್ಣುಮಕ್ಕಳಿಗೆ ನೀವು ಯಾಕೆ ಒಂದು ಹಾಸ್ಟೆಲ್ ಮಾಡಬಾರದು ಎಂದು. ತಮ್ಮ ಸಹಿ ಅವರಿಗೆ ನೆನಪಿರಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು. ನಾನು ತಟ್ಟೆಯ ಸಮೋಸಾ ಕಡೆ ನೋಡಿದೆ. ಫೈಲು ಮತ್ತೆ ತೆರೆದರೆ ಬೇಡ ಅಂದವರು ಯಾರೆಂದು ಗೊತ್ತಾಗುತ್ತಿತ್ತು. "ಪರಿಶೀಲಿಸುತ್ತೇವೆ ಸರ್," ಅಂದರು ಸಾಹೇಬರು. ನಾನೂ ತಲೆಯಾಡಿಸಿದೆ.

ಜನ ಸರ್ವಾಧಿಕಾರಿಗಳ ಬಗ್ಗೆ ಜೋರಾಗಿ ಮಾತಾಡುವಾಗ ನನಗೆ ಆ ಸಮೋಸಾ ನೆನಪಾಗುತ್ತದೆ. ನನ್ನನ್ನು ಯಾರೂ ಹೆದರಿಸಿರಲಿಲ್ಲ. ಹೆದರಿಕೆಯನ್ನು ದಿನಾ ಟಿಫಿನ್ ಡಬ್ಬಿಯ ಜೊತೆ ಮನೆಯಿಂದ ನಾನೇ ತರುತ್ತಿದ್ದೆ.

ಅಣ್ಣ ಸೊಲ್ಲಾಪುರಕ್ಕೆ ಹೋದ. ಉಳಿಯಲು ಜಾಗ ಸಿಗದೆ ಸುಮಿತ್ರಾ ರಾಜೀನಾಮೆ ಕೊಟ್ಟಳು. ಕೊನೆಯ ದಿನ ನನ್ನ ಮೇಜಿನ ಮುಂದೆ ಬಂದು ನಿಂತಳು. ಫೈಲು ಸೆಕ್ಷನ್ನಿಗೆ ವಾಪಸ್ ಬಂದಾಗ ನನ್ನ ಅಕ್ಷರವನ್ನು ಅವಳೂ ನೋಡಿದ್ದಳು.

"ಒಂದು ಸರ್ಟಿಫಿಕೇಟ್ ಬರದು ಕೊಡ್ರಿ ಅಕ್ಕಾರ. ನಿಮ್ಮ ಇಂಗ್ಲಿಷ್ ಭಾಳ ಛಲೋ ಐತಿ."

ಸಿನ್ಸಿಯರ್, ಇಂಟೆಲಿಜೆಂಟ್, ಅಸೆಟ್ ಟು ಎನಿ ಆಫೀಸ್ ಎಂದೆಲ್ಲ ಬರೆದುಕೊಟ್ಟೆ. ಪ್ರತಿ ಅಕ್ಷರವೂ ನಿಜ. ಅವಳು ಎರಡು ಸಲ ಓದಿ ಮಡಿಚಿಕೊಂಡಳು.

"ಇದನ್ನ ಯಾರ ಮಾರಿ ನೋಡಿ ಬರದ್ರಿ, ಅಕ್ಕಾರ?"

ಯಾರ ಮುಖ ನೋಡಿ ಎಂದು ಮೆಲ್ಲಗೇ ಕೇಳಿದಳು. ಆದರೂ ನಾನು ಥಟ್ಟನೆ ಅಕ್ಕಪಕ್ಕದ ಮೇಜುಗಳ ಕಡೆ ಕಣ್ಣು ಹಾಯಿಸಿದೆ, ಯಾರಾದರೂ ಕೇಳಿಸಿಕೊಂಡರೇ ಎಂದು. ಮತ್ತೆ ಇತ್ತ ತಿರುಗುವಷ್ಟರಲ್ಲಿ ಅವಳು ಬಾಗಿಲು ದಾಟಿ ಮೆಟ್ಟಿಲಿಳಿಯುತ್ತಿದ್ದಳು. ಕಾಣಿಸಿದ್ದು ನೀಲಿ ಸೀರೆಯ ಸೆರಗಿನ ತುದಿ ಮಾತ್ರ.