ಅರಕಲಗೂಡಿನಿಂದ ತಂದ ನಾಲ್ಕು ಮರಿಗಳು

ಹಾಸನದಿಂದ ಚನ್ನರಾಯಪಟ್ಟಣದ ಬಸ್ಸು ಹೊರಟಾಗ ಮಂಜು ಇನ್ನೂ ಕರಗಿರಲಿಲ್ಲ. ನನ್ನ ತೊಡೆಯ ಮೇಲೆ ಒಂದು ನೀಲಿ ಐಸ್ ಪೆಟ್ಟಿಗೆ ಇತ್ತು. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಕಂಡಕ್ಟರ್ ಆಧಾರ್ ಕಾರ್ಡನ್ನು ನೋಡಿ ಸೊನ್ನೆ ದರದ ಟಿಕೆಟ್ ಹರಿದುಕೊಟ್ಟ. ಪಕ್ಕದಲ್ಲಿ ಕೂತಿದ್ದ ಬೂವನಹಳ್ಳಿಯ ಅಜ್ಜಿಯೊಬ್ಬರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರು.

"ಏನವ್ವಾ ಇದು, ಮೀನಾ?"

"ಇಲ್ಲ ಅಜ್ಜಿ, ಈಗ ಖಾಲಿ. ಬರುವಾಗ ಕೋಳಿ ಹಿಕ್ಕೆ ತುಂಬ್ಕೊಂಡು ಬರ್ತೀನಿ."

ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. "ರಕ್ತಬೇದಿಗಾ? ನಮ್ಮನೇಲೂ ಒಂದ್ಸಲ ಬಂದಿತ್ತು. ಬೆಳಗ್ಗೆ ಎದ್ದು ನೋಡುದ್ರೆ ಗೂಡೆಲ್ಲ ರಕ್ತ. ಒಂದೂ ಉಳೀನಿಲ್ಲ ಕಣವ್ವ" ಎಂದು ಕಿಟಕಿಯ ಕಡೆ ತಿರುಗಿದರು.

ಆ ರಕ್ತಬೇದಿಯೇ ನನ್ನ ಕೆಲಸ. ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ ಕೋಳಿಯ ಕರುಳಿನ ಒಳಪದರಕ್ಕೆ ನುಗ್ಗಿ, ಅಲ್ಲೇ ಹೆಚ್ಚಿ, ಪದರವನ್ನು ಒಡೆದು ಹಿಕ್ಕೆಯ ಜೊತೆ ಹೊರಬೀಳುತ್ತದೆ. ನೆಲದ ಹೊಟ್ಟು ಕೆದಕುವ ಇನ್ನೊಂದು ಮರಿ ಅದನ್ನು ನುಂಗುತ್ತದೆ. ಹಾಸನದ ನಮ್ಮ ಪ್ರಯೋಗಾಲಯದಲ್ಲಿ ಇದಕ್ಕೊಂದು ಲಸಿಕೆ ಸಿದ್ಧಪಡಿಸುತ್ತಿದ್ದೇವೆ. ದಾರಿ ನಿಧಾನದ್ದು. ಎಲ್ಲಕ್ಕಿಂತ ಬೇಗ ಹೊರಬೀಳುವ ಪರಾವಲಂಬಿಗಳನ್ನೇ ಆರಿಸಿ ಮತ್ತೆ ಮರಿಗಳಿಗೆ ಕೊಟ್ಟು, ಅವುಗಳಿಂದ ಮತ್ತೆ ಆರಿಸಿ, ಹೀಗೆ ಪೀಳಿಗೆಯಿಂದ ಪೀಳಿಗೆಗೆ ಸಾಗಿಸಿದರೆ ಅದರ ಹಾವಳಿ ಕುಗ್ಗುತ್ತದೆ. ಆ ಸಾಧುವಾದದ್ದನ್ನು ಎಳೆ ಮರಿಗಳ ಬಾಯಿಗೆ ತೊಟ್ಟು ತೊಟ್ಟಾಗಿ ಹಾಕಿದರೆ, ಕರುಳು ಅದರ ಗುರುತು ಹಿಡಿದು ಮುಂದೆ ಬರುವ ಉಗ್ರವಾದದ್ದನ್ನು ತಡೆಯಬೇಕು. ತಡೆಯುತ್ತದೋ ಇಲ್ಲವೋ ನೋಡಲೆಂದೇ ನಾನು ಹೊರಟಿದ್ದೆ. ಮೂರು ತಾಲ್ಲೂಕುಗಳ ಮೂರು ಶೆಡ್ಡುಗಳಲ್ಲಿ, ಒಂದು ಕೋಣೆಯ ಮರಿಗಳಿಗೆ ಲಸಿಕೆ ಹಾಕಿ ಇನ್ನೊಂದು ಕೋಣೆಯವನ್ನು ಹಾಗೇ ಬಿಟ್ಟು ಬಂದಿದ್ದೆವು.

ಚನ್ನರಾಯಪಟ್ಟಣದಲ್ಲಿ ಇಳಿದು ಆಟೋ ಹಿಡಿದು ಮಹದೇವೇಗೌಡರ ತೋಟ ಸೇರಿದೆ. ಅವರು ತೆಂಗಿನ ಸಾಲಿನ ನಡುವೆ ನಾಟಿ ಕೋಳಿ ಸಾಕುವವರು. ಹೋಗುತ್ತಲೇ ಲಸಿಕೆಯ ಕೋಣೆಯ ಬಾಗಿಲು ತೆಗೆದರು. ಮರಿಗಳು ನನ್ನ ಕಾಲಿನ ಮೇಲೇ ಹತ್ತಿ ಬಂದವು. ಗರಿ ನುಣುಪಾಗಿತ್ತು, ಹಿಕ್ಕೆ ಗಟ್ಟಿಯಾಗಿತ್ತು. ಪಕ್ಕದ ಕೋಣೆಯಲ್ಲಿ ಹಿಂದಿನ ವಾರ ರಕ್ತ ಕಂಡಿತ್ತಂತೆ. ರೋಗ ಕಂಡ ಕೂಡಲೇ ಔಷಧಿ ಕೊಡಬೇಕೆಂಬ ಒಪ್ಪಂದದಂತೆ ಅವರು ಆಗಲೇ ಕೊಟ್ಟಿದ್ದರು. ಆದರೂ ಕೆಲವು ಸತ್ತಿದ್ದವು.

"ನಡುವೆ ಒಂದು ಜಾಲರಿ ಅಷ್ಟೇಯ ಮೇಡಂ, ಆಚೇವು ಸಾಯ್ತಾವೆ, ಈಚೇವು ಕುಣೀತಾವೆ" ಎಂದು ಗೌಡರು ಒಂದು ಮರಿಯನ್ನು ಅಂಗೈಯಲ್ಲಿ ಎತ್ತಿ ನನ್ನ ಮುಖದ ಹತ್ತಿರ ಹಿಡಿದರು. ವರ್ಷಗಟ್ಟಲೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರ ಫಲ ಅಲ್ಲಿ ಗರಿ ಬಿಚ್ಚಿಕೊಂಡು ಓಡಾಡುತ್ತಿತ್ತು. ಅವರ ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು ಉಂಡೆ. ಉಣ್ಣುವಾಗ ಎರಡು ಸಲ ಸುಮ್ಮನೆ ನಕ್ಕೆನಂತೆ. ಗೌಡರ ಹೆಂಡತಿ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಅಲ್ಲಿಂದ ಹೊಳೆನರಸೀಪುರಕ್ಕೆ ಒಂದೂಕಾಲು ಗಂಟೆಯ ದಾರಿ. ಬಿಸಿಲಿಗೆ ಬಸ್ಸಿನ ತಗಡು ಕಾದಿತ್ತು. ಅಲ್ಲಿನ ಶೆಡ್ಡಿನಲ್ಲಿ ಕಲಿಯುವುದಕ್ಕೆ ಏನೂ ಉಳಿದಿರಲಿಲ್ಲ. ಹೊಸದಾಗಿ ತಂದ ಮೇವಿನಲ್ಲಿ ಪರಾವಲಂಬಿಯನ್ನು ಕೊಲ್ಲುವ ಔಷಧಿ ಬೆರೆತಿತ್ತು. ಅದು ಉಗ್ರವಾದದ್ದರ ಜೊತೆಗೆ ನಮ್ಮ ಸಾಧುವಾದದ್ದನ್ನೂ ಕೊಂದಿತ್ತು. ಯಾರನ್ನೂ ದೂರುವ ಹಾಗಿರಲಿಲ್ಲ. ಸಂಜೆ ಹೇಮಾವತಿಯ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಮಲಗಿದೆ. ಚನ್ನರಾಯಪಟ್ಟಣದ ಸಂತೋಷ ಇನ್ನೂ ಮೈಯಲ್ಲಿತ್ತು.

ಬೆಳಗ್ಗೆ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುರಿಯುತ್ತಿದ್ದಾಗ ಅರಕಲಗೂಡಿನ ಜಯಮ್ಮ ಫೋನು ಮಾಡಿದರು. ನಮ್ಮ ಮೂರನೆಯ ಶೆಡ್ಡು ಅವರದ್ದು. ಗಂಡ ಲೋಕೇಶ ಆಲೂಗಡ್ಡೆ, ಜೋಳ ಬೆಳೆಯುತ್ತಾರೆ. ಕೋಳಿಯ ಕೆಲಸವೆಲ್ಲ ಜಯಮ್ಮನದೇ.

"ಮೇಡಂ, ಮರಿಗಳು ಗರಿ ಕೆದರ್ಕಂಡು ಮೂಲೇಲಿ ನಿಂತವೆ. ಮೇವು ಮುಟ್ತಿಲ್ಲ."

"ಯಾವ ಕೋಣೇಲಿ ಜಯಮ್ಮ?"

"ಎರಡರಲ್ಲೂವೆ."

ಇಡ್ಲಿ ಹಾಗೇ ಬಿಟ್ಟು ಎದ್ದೆ. ಅರಕಲಗೂಡಿನ ಬಸ್ಸಿನಲ್ಲಿ ಒಂದೇ ಲೆಕ್ಕಾಚಾರ ತಲೆಯಲ್ಲಿ ಸುತ್ತುತ್ತಿತ್ತು. ಲಸಿಕೆ ಕೆಟ್ಟಿರಬಹುದೇ? ಆದರೆ ಚನ್ನರಾಯಪಟ್ಟಣಕ್ಕೆ ಹೋದದ್ದೂ ಅದೇ ಸೀಸೆಯದು. ನಾನೇ ಒಂದೇ ದಿನ ಎರಡೂ ಕಡೆ ಹಾಕಿದ್ದೆ.

ಜಯಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರು. ಒಳಗೆ ಸದ್ದಿರಲಿಲ್ಲ. ಕೋಳಿ ಶೆಡ್ಡು ಅಷ್ಟು ಸುಮ್ಮನಿರುವುದನ್ನು ಕೇಳಿದವರಿಗೆ ಅದರ ಭಯ ಗೊತ್ತು. ಲಸಿಕೆ ಹಾಕಿದ ಕೋಣೆಗೂ ಹಾಕದ ಕೋಣೆಗೂ ವ್ಯತ್ಯಾಸವೇ ಕಾಣಲಿಲ್ಲ. ಸತ್ತು ಬಿದ್ದಿದ್ದ ಒಂದು ಮರಿಯನ್ನು ಹೊರಗೆ ತಂದು ಕಲ್ಲಿನ ಮೇಲೆ ಕೊಯ್ದು ನೋಡಿದೆ. ನಡುಗರುಳು ಊದಿಕೊಂಡಿತ್ತು, ಒಳಗೆ ಕಿತ್ತಳೆ ಬಣ್ಣದ ಲೋಳೆ, ಅದರಲ್ಲಿ ರಕ್ತದ ಚುಕ್ಕೆಗಳು. ಯಾವ ಜಾತಿಯ ಪರಾವಲಂಬಿ ಇರಬಹುದೆಂದು ಹೊಳೆಯಿತು. ಆ ಜಾತಿ ನಮ್ಮ ಲಸಿಕೆಯಲ್ಲೂ ಇತ್ತು. ಆದರೆ ನಾವು ಪಳಗಿಸಿದ್ದು ಬೇರೆ ಸೀಮೆಯಿಂದ ತಂದ ಬಳಗ, ಆ ಜಾತಿಯದೇ ಇನ್ನೊಂದು ತಳಿ. ಒಂದೇ ಜಾತಿಯಲ್ಲೂ ಒಂದು ಬಳಗಕ್ಕೆ ಪಳಗಿದ ಕರುಳು ಇನ್ನೊಂದನ್ನು ಗುರುತಿಸದೆ ಬಿಡುವುದುಂಟು. ಇಲ್ಲಿ ಹಾಗೇ ಆಗಿರಬೇಕು.

ಅಷ್ಟರಲ್ಲಿ ಲೋಕೇಶ ಹೊಲದಿಂದ ಬಂದರು. "ನಿಮ್ ಲಸಿಕೆ ಆಕಿದ್ ಮೇಲೂ ಇಂಗಾಯ್ತಲ್ಲ ಮೇಡಂ. ಮತ್ತೆ ಏನಕ್ಕೆ ಆಕಿದ್ದು?"

"ನಮ್ಮ ಲಸಿಕೆ ಈ ಊರಿನ ರೋಗಕ್ಕೆ ಸಾಲಲಿಲ್ಲ ಲೋಕೇಶ್" ಎಂದೆ.

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಜಯಮ್ಮ ತಡೆದರು. "ನೀವು ವಸಿ ಸುಮ್ಕಿರಿ. ಮೊದ್ಲು ಔಸ್ದಿ ತನ್ನಿ."

ತೊಡಕು ಅಲ್ಲೇ ಇತ್ತು. ನೀರಿಗೆ ಔಷಧಿ ಬೆರೆಸಿದರೆ ಮರಿಗಳು ಉಳಿಯುತ್ತವೆ, ಪರಾವಲಂಬಿ ಸಾಯುತ್ತದೆ. ಲಸಿಕೆಗೆ ಈ ಊರಿನದನ್ನು ಸೇರಿಸಬೇಕಾದರೆ ಅದು ಜೀವಂತವಾಗಿ ನನ್ನ ಕೈಗೆ ಸಿಗಬೇಕು. ಹಾಸನಕ್ಕೆ ಫೋನು ಮಾಡಿದೆ. ಪ್ರಯೋಗಾಲಯದ ನಮ್ಮ ಹಿರಿಯ ವಿಜ್ಞಾನಿ ಎಲ್ಲ ಕೇಳಿ, "ನಾಳೆಯವರೆಗೆ ಔಷಧಿ ತಡೆದರೆ ಹಿಕ್ಕೆಯಲ್ಲಿ ಬೇಕಾದಷ್ಟು ಸಿಗುತ್ತೆ. ನೀವು ಅಲ್ಲಿದ್ದೀರಿ, ನೀವೇ ನೋಡಿ" ಎಂದರು. ಫೋನು ಇಟ್ಟು ಜಾಲರಿಯ ಒಳಗೆ ನೋಡಿದೆ. ಒಂದು ಮರಿ ನಿಂತಲ್ಲೇ ಕಣ್ಣು ಮುಚ್ಚಿ, ಮುಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುತ್ತಿತ್ತು.

"ಈಗಲೇ ಔಷಧಿ ಕೊಡಿ, ಎರಡೂ ಕೋಣೆಗೆ" ಎಂದೆ. ಲೋಕೇಶ ಬೈಕು ಹತ್ತಿ ಪೇಟೆಗೆ ಹೋದರು. ಆಮೇಲೆ ಜಯಮ್ಮನನ್ನು ಕೂರಿಸಿಕೊಂಡು ಉಳಿದದ್ದನ್ನು ಬಿಡಿಸಿ ಹೇಳಿದೆ. ಹಿಕ್ಕೆಯಲ್ಲಿ ಇನ್ನೂ ಸಾಕಷ್ಟಿಲ್ಲ, ಸತ್ತವುಗಳ ಕರುಳು ಬೇಗ ಕೊಳೆಯುತ್ತದೆ, ಹಾಗಾಗಿ ಔಷಧಿ ಮುಟ್ಟಿಸದ ಕೆಲವು ಜೀವಂತ ಮರಿಗಳು ಬೇಕು. ಅವನ್ನು ಹಾಸನಕ್ಕೆ ಒಯ್ಯುತ್ತೇನೆ. ಒಪ್ಪದಿದ್ದರೆ ಒತ್ತಾಯವಿಲ್ಲ.

"ಅಲ್ಲಿ ಉಸಾರಾಯ್ತಾವಾ?"

"ಇಲ್ಲ ಜಯಮ್ಮ. ಅವನ್ನು ಕೊಂದು ಕರುಳು ತೆಗೀಬೇಕು."

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ಮುಂದ್ಲ ಮರಿಗಳಿಗೆ ಇದ್ರಿಂದ ಉಪಯೋಗ ಆಗೋದು ಗ್ಯಾರಂಟಿಯಾ?"

"ಗ್ಯಾರಂಟಿ ಕೊಡಕ್ಕಾಗಲ್ಲ. ಪಳಗಿಸೋದಕ್ಕೇ ವರ್ಷಗಳಾಗುತ್ತೆ. ಆದರೆ ಇದಿಲ್ಲದೆ ಶುರು ಮಾಡೋಕೂ ಆಗಲ್ಲ."

ಜಯಮ್ಮ ಎದ್ದು ಒಳಗೆ ಹೋದರು. ಇನ್ನು ಉಳಿಯಲಾರವು ಅನ್ನಿಸಿದವನ್ನೇ ಆರಿಸಿದರೆ ಸಾಕಿತ್ತು. ಅವರು ಒಂದೊಂದನ್ನೂ ಎತ್ತಿ ನೋಡಿ, ನಿಂತಲ್ಲೇ ಮುಂದಕ್ಕೆ ಬಾಗುತ್ತಿದ್ದ ಮರಿಯನ್ನೂ ಇನ್ನು ಮೂರನ್ನೂ ಬಿದಿರಿನ ಕುಕ್ಕೆಗೆ ಹಾಕಿದರು. ಮೇಲೆ ಹಳೆಯ ಸೀರೆಯ ತುಂಡು ಹೊದಿಸಿದರು. "ಈ ಬೂದು ಬಣ್ಣದ್ದು ಬಲು ಚುರುಕಿತ್ತು" ಎಂದಷ್ಟೇ ಹೇಳಿ ಕೈ ತೊಳೆಯಲು ಹೋದರು. ಲೋಕೇಶ ಅಷ್ಟರಲ್ಲಿ ಬಂದು ನೀರಿನ ಡ್ರಮ್ಮಿಗೆ ಔಷಧಿ ಕಲಸಿದರು.

ರೋಗದ ಮರಿಗಳನ್ನು ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ. ಅರಕಲಗೂಡಿನಲ್ಲಿ ಗೂಡ್ಸ್ ಆಟೋ ಗೊತ್ತು ಮಾಡಿಕೊಂಡು ಮುಂದೆ ಡ್ರೈವರಿನ ಪಕ್ಕ ಕೂತೆ. ಕುಕ್ಕೆ ಕಾಲ ನಡುವೆ ಇತ್ತು. ಹಾಸನಕ್ಕೆ ಒಂದು ಗಂಟೆಯ ಮೇಲಾಯಿತು. ಜೋಳದ ಹೊಲಗಳು ಮುಗಿದು ಊರಿನ ಕಟ್ಟಡಗಳು ಕಾಣುವ ಹೊತ್ತಿಗೆ ಸೀರೆಯ ತುಂಡಿನ ಕೆಳಗಿನ ಅಲುಗಾಟ ಕಡಿಮೆಯಾಗಿತ್ತು. ಡ್ರೈವರ್ ಒಂದೇ ಸಲ ಕೇಳಿದ, "ಅವೆಯಾ ಮೇಡಂ ಇನ್ನೂ?" ನಾನು ಬಟ್ಟೆ ಸರಿಸಿ ನೋಡಿ ಹೂಂ ಅಂದೆ.

ಪ್ರಯೋಗಾಲಯದಲ್ಲಿ ಮಾಡಬೇಕಾದದ್ದನ್ನು ನಾನೇ ಮಾಡಿದೆ, ಬೇರೆಯವರಿಗೆ ಬಿಡಲಿಲ್ಲ. ಲೋಳೆಯ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಪರಾವಲಂಬಿಯ ದೊಡ್ಡ ದೊಡ್ಡ ಅಂಡಾಕಾರದ ಕೋಶಗಳು ತುಂಬಿ ನಿಂತಿದ್ದವು. ಹಿರಿಯರು ಬಗ್ಗಿ ನೋಡಿ, "ಸಾಕಷ್ಟಿದೆ. ಶುರು ಮಾಡಬಹುದು" ಎಂದರು. ಕೋಶಗಳನ್ನು ಸೋಸಿ, ತೊಳೆದು, ಸೀಸೆಗೆ ಹಾಕಿ, ಮೇಲೆ ಅರಕಲಗೂಡು ಎಂದು ಬರೆದೆ.

ಸೂರ್ಯ ಮುಳುಗುವ ಮುಂಚೆ ಜಯಮ್ಮನಿಗೆ ಫೋನು ಮಾಡಿದೆ. ಶೆಡ್ಡಿನಲ್ಲಿ ಕೆಲವು ಮರಿಗಳು ಕುತ್ತಿಗೆ ಎತ್ತಿ ಓಡಾಡಲು ಶುರು ಮಾಡಿದ್ದವಂತೆ. ಮಧ್ಯಾಹ್ನದ ಮೇಲೆ ಇನ್ನಷ್ಟು ಸತ್ತಿದ್ದವಂತೆ. ನಮಗೆ ಬೇಕಾದದ್ದು ಸಿಕ್ಕಿತೆಂದು ಹೇಳಿದೆ.

"ಇನ್ನೊಂದ್ಸಲ ಲಸಿಕೆ ತಂದಾಗಲೂ ನಮ್ಮಲ್ಲಿಗೇ ಬನ್ನಿ" ಎಂದರು. "ಆದ್ರೆ ಇವತ್ತು ಯೋಳಿದ್ರಲ್ಲ, ಅಂಗೇ ಇದ್ದುದ್ ಇದ್ದಂಗೆ ಯೋಳ್ಬೇಕು."

"ಹೇಳ್ತೀನಿ."

ಫೋನು ಇಡಲು ಹೋದೆ, ಜಯಮ್ಮ ಮತ್ತೆ ಕರೆದರು.

"ಮೇಡಂ, ಆ ನಾಕಕ್ಕೆ ಅದುಕ್ ಮುಂಚೆ ವಸಿ ನೀರು ಕೊಟ್ರಾ?"

"ಕೊಟ್ಟೆ ಜಯಮ್ಮ. ಮೂರು ಕುಡಿದವು. ಬೂದು ಬಣ್ಣದ್ದಕ್ಕೆ ಆಗಲಿಲ್ಲ. ಬೆರಳಲ್ಲಿ ಅದ್ದಿ ಕೊಕ್ಕಿಗೆ ಮುಟ್ಟಿಸಿದೆ."

"ಸರಿ ಬುಡಿ" ಎಂದರು ಅವರು. "ಚಳಿ ಬೀಳ್ತಾ ಐತೆ, ಶೆಡ್ಡಿನ ಪರದೆ ಇಳಿಬುಡ್ಬೇಕು."