ನಲವತ್ತನೇ ಸಾಲು ಯಾರದು

ಗೆಳೆಯರೇ, ಇವತ್ತು ಚಿಂಚೋಳಿಯ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಸ್ವಿಚ್ ಪಾಠವಿತ್ತು: ಯಾವ ಸಂಖ್ಯೆ ಬಂದರೆ ಯಾವ ಉತ್ತರ ಎಂದು ಪ್ರೋಗ್ರಾಮಿನಲ್ಲಿ ಬರೆಯುವುದು. ಒಂದೊಂದು ಸಂಖ್ಯೆಗೂ ಒಂದೊಂದು ಕೇಸ್ ಬರೆಯುತ್ತ ಕೂರಬೇಕಿಲ್ಲ, "ಕೇಸ್ 1 ... 40" ಎಂದರೆ ನಲವತ್ತರವರೆಗಿನದೆಲ್ಲ ಬಂತು ಎಂದು ಹೇಳಿಕೊಟ್ಟೆ. ಪ್ರೋಗ್ರಾಮನ್ನು ಪರೀಕ್ಷಿಸಿ ಯಂತ್ರದ ಭಾಷೆಗೆ ತಿರುಗಿಸುವ ನಮ್ಮ ಕಂಪೈಲರ್ ಇದನ್ನು ಒಪ್ಪುತ್ತದೆ.

ಚಿಮ್ಮನಚೋಡದ ಶಾಂತಾ ತಮ್ಮ ತೊಗರಿ ಹೊಲವನ್ನೇ ಪ್ರೋಗ್ರಾಮ್ ಮಾಡಿದಳು. ಸಾಲಿನ ಸಂಖ್ಯೆ ಕೊಟ್ಟರೆ ಅದು ಯಾರದೆಂದು ಹೇಳಬೇಕು. 1 ... 40 ಅಪ್ಪನದು, 40 ... 80 ಕಾಕಾನದು. ನಲವತ್ತು ಎರಡು ಕಡೆ ಬಂದಿದೆ ಎಂದು ಕಂಪೈಲರ್ ತಕರಾರು ತೆಗೆಯಿತು.

"ನಲವತ್ತನೇದು ಯಾರದವ್ವಾ?" ಎಂದೆ.

"ಇಬ್ಬರದೂ ರೀ ಸರ್. ಅದು ಬದು ಅದ. ಅಲ್ಲಿ ಬೇವಿನ ಗಿಡದ ಕೆಳಗ ಎರಡೂ ಮನಿಯವ್ರು ಕೂಡಿ ಬುತ್ತಿ ಉಣ್ತೀವಿ."

"ಹಂಗ ನಡಿಯಂಗಿಲ್ಲ. ಒಬ್ಬರಿಗೇ ಕೊಡು."

ಅವಳು ಕಾಕಾನ ನಲವತ್ತನ್ನು ನಲವತ್ತೊಂದು ಮಾಡಿದಳು.

"ಕಾಕಾಗ ಹೇಳಬ್ಯಾಡ್ರಿ ಸರ್," ಎಂದಳು. ಪ್ರೋಗ್ರಾಮ್ ಓಡಿತು. ನಾನು ಭೇಷ್ ಎಂದೆ.

ಮನೆಗೆ ಹೊರಟು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು. ಅಪ್ಪನದನ್ನು ಮೂವತ್ತೊಂಬತ್ತಕ್ಕೆ ನಿಲ್ಲಿಸಿ, ನಲವತ್ತಕ್ಕೆ ಬೇರೆಯೇ ಒಂದು ಕೇಸ್ ಬರೆದು "ಇಬ್ಬರದೂ" ಎನ್ನಬಹುದಿತ್ತು. ಕಂಪೈಲರ್ ಬೇಡ ಅನ್ನುತ್ತಿರಲಿಲ್ಲ. ಬೇಡ ಅಂದವನು ನಾನು.