ಫಟಫಟಿಯಿಂದ ನಾನು ಇಳಿಯದ ಸಂಜೆ

ನಮ್ಮ ಮನೆಯವರ ಫಟಫಟಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಈಗ ಅಂಥ ಹಳೆಯ ಮೋಟಾರ್ ಸೈಕಲ್ಲು ಎಲ್ಲಾದರೂ ನಿಂತಿದ್ದರೆ ಹುಡುಗರು ಸುತ್ತಲೂ ಸೇರಿ ಕಣ್ಣರಳಿಸುತ್ತಾರೆ. ಅದರ ಹಿಂದಿನ ಸೀಟಿನಲ್ಲಿ ಕೂತು ಸೊಂಟ ಸವೆಸಿದವಳನ್ನು ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸದಿದ್ದರೂ ನಾನು ಹೇಳುವವಳೇ.

ಹುಮನಾಬಾದಿನ ಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನನ್ನು ರಾಜೇಶ್ವರದ ಆಚೆಗಿನ ಒಂದು ಹಳ್ಳಿಗೆ ಕೊಟ್ಟರು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಊರಿಗೆಲ್ಲ ಇದ್ದದ್ದು ಒಂದೇ ಫಟಫಟಿ, ಅದು ಇವರದು. ಹೈದರಾಬಾದಿನಲ್ಲಿ ಯಾರೋ ಅಧಿಕಾರಿ ಓಡಿಸಿ ಬಿಟ್ಟದ್ದನ್ನು ತಂದಿದ್ದರು, ಜೊತೆಗೆ ಅವನ ವೇಷವನ್ನೂ ತಂದಿದ್ದರು: ಮೊಣಕಾಲಿನವರೆಗೆ ಬೂಟು, ಮುಖದ ಅರ್ಧ ಮುಚ್ಚುವ ಗಾಗಲ್ಲು, ತೊಗಲಿನ ಕೋಟು. ಬೀದರ ಸೀಮೆಯ ಬಿಸಿಲಿನಲ್ಲಿ ತೊಗಲಿನ ಕೋಟು! ಎದುರುಗಾಳಿ ಅವರಿಗೆ, ಬೆವರಿನ ವಾಸನೆ ಹಿಂದೆ ಕೂತ ನನಗೆ. ಚಕ್ರದ ತಂತಿಗಳನ್ನು ಒಂದೊಂದಾಗಿ ಒರೆಸದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ನಾನು ಎದುರು ನಿಂತು ಏನಾದರೂ ಕೇಳಿದರೆ ಪ್ಲಗ್ಗು ಬಿಚ್ಚಿ ಊದುತ್ತ ಹೂಂ ಅನ್ನುವರು. ಆ ಹೂಂ ನನಗೋ ಪ್ಲಗ್ಗಿಗೋ ತಿಳಿಯುತ್ತಿರಲಿಲ್ಲ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅಗಸಿ. ಊರ ಬಾಗಿಲಿನ ಕಲ್ಲಿನ ಅಗಸಿ, ಅದರ ಪಕ್ಕದ ಕಟ್ಟೆಯ ಮೇಲೆ ಸಂಜೆ ಹೊತ್ತು ಊರ ಹಿರಿಯರು ಕೂಡುತ್ತಿದ್ದರು. ಸೊಸೆಯಾದವಳು ಅವರ ಎದುರಿಗೆ ಗಂಡನ ಬೆನ್ನಿಗೆ ಕೂತು ಬರಬಾರದು ಎಂದು ಮಾವನವರ ಕಟ್ಟಪ್ಪಣೆ. ಹಾಗಾಗಿ ಅಗಸಿಯ ಹತ್ತಿರ ಗಾಡಿ ನಿಲ್ಲುತ್ತಿತ್ತು, ನಾನು ಇಳಿಯುತ್ತಿದ್ದೆ, ಅವರು ಭರ್ ಎಂದು ಒಳಗೆ ಹೋಗುತ್ತಿದ್ದರು. ನಾನು ಸೆರಗು ಹೊದ್ದು ಅವರೆಬ್ಬಿಸಿದ ಧೂಳು ಕುಡಿಯುತ್ತ ಮನೆ ಮುಟ್ಟುತ್ತಿದ್ದೆ. ಸಂತೆಯ ಚೀಲ ಮಾತ್ರ ಗಾಡಿಯ ಮೇಲೆಯೇ ಹೋಗುತ್ತಿತ್ತು. ಬದನೆಕಾಯಿಗೆ ಇದ್ದ ಮರ್ಯಾದೆ ನನಗಿರಲಿಲ್ಲ.

ಬಸವಕಲ್ಯಾಣದ ಒಂದು ಗ್ಯಾರೇಜಿನ ಮುಂದೆ ಭಾನುವಾರ ಫಟಫಟಿಯ ಹುಚ್ಚಿನವರೆಲ್ಲ ಸೇರುತ್ತಿದ್ದರು. ಹುಲಸೂರಿನಿಂದ, ಹುಮನಾಬಾದಿನಿಂದ ಬರುತ್ತಿದ್ದರು. ಯಾರ ಗಾಡಿ ಒಂದೇ ಒದೆತಕ್ಕೆ ಚಾಲೂ ಆಗುತ್ತದೆ ಎಂದು ತಾಸುಗಟ್ಟಲೆ ವಾದಿಸುವಷ್ಟು ಬಿಡುವು ಆ ಗಂಡಸರಿಗೆ ಎಲ್ಲಿಂದ ಬರುತ್ತಿತ್ತೋ! ಒಂದು ಭಾನುವಾರ ಅವರೆಲ್ಲ ಸೇರಿ ಸ್ಲೋ ರೇಸ್ ಇಟ್ಟರು. ಎಲ್ಲರಿಗಿಂತ ಕೊನೆಗೆ ಗೆರೆ ದಾಟಿದವನು ಗೆದ್ದಂತೆ. ಕಾಲು ನೆಲಕ್ಕೆ ತಾಗಿದರೆ ಸೋತಂತೆ. ಹಿಂದೆ ಒಬ್ಬರು ಕೂತಿರಲೇಬೇಕು. ಉಳಿದವರು ತಮ್ಮಂದಿರನ್ನೋ ಗೆಳೆಯರನ್ನೋ ಕೂರಿಸಿಕೊಂಡರು. ನಾನು ಹಗುರ ಇದ್ದೇನೆಂದು ಇವರು ನನ್ನನ್ನೇ ಕರೆದೊಯ್ದರು. ಕಲ್ಯಾಣದ ಬಯಲಿನಲ್ಲಿ ಅಷ್ಟು ಪರಗಂಡಸರ ಎದುರಿಗೆ ಇವರ ಬೆನ್ನ ಹಿಂದೆ ಕೂತರೆ ಯಾರ ಮರ್ಯಾದೆಯೂ ಹೋಗಲಿಲ್ಲ.

ಗಾಡಿ ಆಮೆಯಂತೆ ತೆವಳುತ್ತ ಆಚೀಚೆ ವಾಲಿತು. ಎರಡೂ ಬದಿಗೆ ಸೈಲೆನ್ಸರ್ ಇದ್ದ ಗಾಡಿ ಅದು. ಬೀಳುವ ಭಯಕ್ಕೆ ನಾನು ಕಾಲು ಒಳಗೆಳೆದುಕೊಂಡೆ, ಮೀನಖಂಡ ಸೈಲೆನ್ಸರಿಗೆ ಅಂಟಿತು.

“ಕಾಲ್ ಸುಡಾಕತ್ತದ್ರಿ!” ಎಂದೆ.

“ಸುಮ್ ಕುಂದ್ರು, ಅಲಗಾಡಬ್ಯಾಡ. ಗೆಲ್ಲಾಕತ್ತೀವಿ,” ಎಂದರು, ತಿರುಗದೆ.

ಹಲ್ಲು ಕಚ್ಚಿ ಕೂತೆ. ಗೆದ್ದರು. ಉಳಿದವರು ಚೆಂಡುಹೂವಿನ ಮಾಲೆಯನ್ನು ತಂದು ಗಾಡಿಯ ಹ್ಯಾಂಡಲಿಗೆ ಹಾಕಿದರು. ನನ್ನ ಕಾಲಿನ ಮೇಲೆ ಅಂಗೈಯಗಲ ಬೊಬ್ಬೆ ಎದ್ದಿತ್ತು. ಗ್ರೀಸ್ ಹಚ್ಚಿಕೊಳ್ಳಿ ಎಂದು ಯಾರೋ ಹೇಳಿ ನಕ್ಕರು. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸಂಜೆ ಅಗಸಿಯ ಹತ್ತಿರ ಗಾಡಿ ನಿಂತಿತು.

“ಇಳಿ.”

“ಕಾಲ್ ಊರಾಕ ಆಗವಲ್ದು. ಮನೀತನಕ ಬಿಡ್ರಿ.”

“ಅಪ್ಪಾ ಕಟ್ಟೀ ಮ್ಯಾಲ ಕುಂತಾರ. ಇಜ್ಜತ್ ಕಳೀಬ್ಯಾಡ, ಇಳಿ.”

“ಕಲ್ಯಾಣದಾಗ ಕಳೀಲಿಲ್ಲೇನ್ರಿ ಇಜ್ಜತ್?”

ಅವರ ಮುಖ ಕಪ್ಪಾಯಿತು. “ಹಂಗಾರ ಇಲ್ಲೇ ಸಾಯಿ,” ಎಂದು ಗಾಡಿಗೆ ಸ್ಟ್ಯಾಂಡು ಹಾಕಿ, ನನ್ನನ್ನು ಅದರ ಮೇಲೆಯೇ ಬಿಟ್ಟು ಬೂಟು ಬಡಿಯುತ್ತ ಮನೆಗೆ ನಡೆದುಬಿಟ್ಟರು. ಕಟ್ಟೆಯ ಮೇಲಿನ ಹಿರಿಯರು ಮುಖ ಆಚೆ ತಿರುಗಿಸಿದರು. ತವರಿಗೆ ಅಟ್ಟಿಬಿಟ್ಟರೆ ಎಂಬ ಹೆದರಿಕೆ ಇತ್ತು. ಆದರೆ ಇವತ್ತು ಇಳಿದರೆ ಸಾಯುವ ತನಕ ಇಲ್ಲಿ ಇಳಿಯುತ್ತಲೇ ಇರಬೇಕು ಎಂಬುದೂ ಗೊತ್ತಿತ್ತು. ಇಳಿಯಲಿಲ್ಲ.

ಅಷ್ಟರಲ್ಲಿ ಮೇಯಲು ಹೋದ ಎಮ್ಮೆಗಳು ಊರಿಗೆ ತಿರುಗಿದವು. ಅಗಸಿಯ ಇಕ್ಕಟ್ಟಿನಲ್ಲಿ ಎಲ್ಲವೂ ಗಾಡಿಗೇ ಒತ್ತಿದವು. ಒಂದು ಎಮ್ಮೆ ಮಾಲೆಯನ್ನು ಎಳೆದು ತಿನ್ನತೊಡಗಿತು, ಇನ್ನೊಂದು ಟಾಂಕಿಗೆ ಕುತ್ತಿಗೆ ಉಜ್ಜಿತು. ಗಾಡಿ ಅಲ್ಲಾಡಿತು. ಹಿಂದಿನಿಂದ ಎಮ್ಮೆ ಕಾಯುವವನು ಕೂಗಿದ: “ಯಾರದಪಾ ಗಾಡಿ, ತಗೀರಿ! ಎಮ್ಮಿ ಕೆಡವ್ತಾವ!”

ಮನೆಯ ಕಡೆಯಿಂದ ಇವರು ಓಡಿಬಂದರು, ಬರಿಗಾಲಿನಲ್ಲಿ. ಕೋಟೂ ಇರಲಿಲ್ಲ. ನನಗಾಗಿ ಓಡಿಬಂದರೆಂದು ಒಂದು ಗಳಿಗೆ ನಂಬಿದೆ, ಕಣ್ಣೂ ತುಂಬಿತು. ಅವರು ಎಮ್ಮೆಯನ್ನು ನೂಕಿ ಟಾಂಕಿಯ ಮೇಲೆ ಅಂಗೈ ಆಡಿಸಿದರು.

“ಟಾಂಕೀ ಮ್ಯಾಲ ಗೀರ್ ಬಿದ್ದದೇನ್ ನೋಡು,” ಎಂದರು. ಆಮೇಲೆ, “ಇಳಿ, ಗಾಡಿ ಒಳಗ ಒಯ್ಯಬೇಕು.”

“ಒಯ್ರಿ,” ಎಂದೆ.

ಹಿಂದೆ ಇನ್ನೂ ಎಮ್ಮೆಗಳು ಬರುತ್ತಿದ್ದವು. ಜಗಳಕ್ಕೆ ಸಮಯವಿರಲಿಲ್ಲ. ಸ್ಟ್ಯಾಂಡು ತೆಗೆದು ನನ್ನನ್ನು ಹೊತ್ತ ಗಾಡಿಯನ್ನು ಏದುಸಿರು ಬಿಡುತ್ತ ದಬ್ಬಿದರು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಕಟ್ಟೆಯಿಂದ ಮಾವನವರು ಎದ್ದರು. ಅವರು ನನ್ನತ್ತ ನೋಡಲೇ ಇಲ್ಲ. ಕೋಲು ಬೀಸಿ ಎಮ್ಮೆಗಳನ್ನು ಓಡಿಸಿ ಗಾಡಿಗೆ ದಾರಿ ಮಾಡಿಕೊಟ್ಟರು.

ಮತ್ತೆಂದೂ ನಾನು ಅಗಸಿಯಲ್ಲಿ ಇಳಿಯಲಿಲ್ಲ, ಇಳಿ ಎಂದು ಯಾರೂ ಹೇಳಲೂ ಇಲ್ಲ. ಕಾಲು ಸುಟ್ಟುಕೊಂಡ ಹೆಂಡತಿಯನ್ನು ಗಾಡಿಯ ಮೇಲೆ ಕೂರಿಸಿ ತಾನು ದಬ್ಬಿಕೊಂಡು ಬಂದ, ಅಂಥ ಗಂಡ ಸಿಗಬೇಕು ಎಂದು ಊರಿನ ಹೆಂಗಸರು ಇವತ್ತಿಗೂ ಹೊಗಳುತ್ತಾರೆ. ನಾನು ತಿದ್ದಲು ಹೋಗಿಲ್ಲ. ಆ ರಾತ್ರಿ ಅವರು ಲಾಟೀನು ಹಿಡಿದು ಗೀರು ಹುಡುಕಿದರು. ಕಾಲು ಹೇಗಿದೆ ಎಂದು ಇಲ್ಲಿಯತನಕ ಕೇಳಿಲ್ಲ.